ಮೊದಲು ಎಲೆಯ ಹಿಂಬದಿ ನೋಡಿ

ಬಿಗೋನಿಯಾ ಬೆಳೆಸುವವರೆಲ್ಲ ಅದರ ಎಲೆಗೆ ಮರುಳಾದವರು. ರೆಕ್ಸ್ ಬಿಗೋನಿಯಾದ ಎಲೆಯಲ್ಲಿ ಬೆಳ್ಳಿ, ನೇರಳೆ, ಕಡುಗೆಂಪು ಬಣ್ಣಗಳು ಸುರುಳಿ ಸುತ್ತಿರುತ್ತವೆ. ಮ್ಯಾಕ್ಯುಲೇಟಾದ ಉದ್ದನೆಯ ಹಸಿರೆಲೆಯ ತುಂಬ ಬೆಳ್ಳಿ ಚುಕ್ಕೆಗಳು. ಹೀಗಾಗಿ ನೋಡುವವರ ಕಣ್ಣು ಎಲೆಯ ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಗಿಡಕ್ಕೆ ಕಾಟ ಕೊಡುವ ಕೀಟಗಳು ಮಾತ್ರ ಎಲೆಯ ಅಡಿಯಲ್ಲಿ, ತೊಟ್ಟಿನ ಸಂದಿಯಲ್ಲಿ, ಇನ್ನೂ ಬಿಚ್ಚಿಕೊಳ್ಳದ ಕುಡಿಯೊಳಗೆ, ಕುಂಡದ ಮಣ್ಣಿನಲ್ಲಿ ಇರುತ್ತವೆ. ಮೇಲಿನಿಂದ ನೋಡುವವರಿಗೆ ತೊಂದರೆ ಗೊತ್ತಾಗುವ ಹೊತ್ತಿಗೆ ಅಲ್ಲಿ ಅವುಗಳ ಎರಡು ಮೂರು ತಲೆಮಾರು ಕಳೆದಿರುತ್ತದೆ.

ಎಲೆ ಮುದುಡಿತು, ಕುಡಿ ಕಂದಿತು ಎಂದ ಕೂಡಲೇ ಬಹಳಷ್ಟು ಮಂದಿ ಅಂಗಡಿಗೆ ಹೋಗಿ "ಹುಳಕ್ಕೆ ಏನಾದರೂ ಔಷಧಿ ಕೊಡಿ" ಎನ್ನುತ್ತಾರೆ. ಯಾವ ಹುಳ ಎಂದು ಅಂಗಡಿಯವರು ಕೇಳುವುದಿಲ್ಲ, ಕೇಳಿದರೂ ಉತ್ತರ ಗೊತ್ತಿರುವುದಿಲ್ಲ. ಬಿಗೋನಿಯಾದ ಮಟ್ಟಿಗೆ ಇದು ಅಪಾಯದ ದಾರಿ. ಅದರ ಎಲೆ ತೆಳು, ಕಾಂಡದ ತುಂಬ ನೀರು, ಹಲವು ಜಾತಿಗಳಲ್ಲಿ ಎಲೆಯ ಮೇಲೆ ನವಿರಾದ ರೋಮ. ಕೀಟ ಬಾಧಿಸಿದ ಗಿಡ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ; ತಪ್ಪು ಔಷಧಿಯಿಂದ ಸುಟ್ಟ ಗಿಡ ಎಷ್ಟೋ ಸಲ ಚೇತರಿಸಿಕೊಳ್ಳುವುದಿಲ್ಲ. ಯಾವ ಕೀಟ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧದಲ್ಲೂ ನೀರು, ಹತ್ತಿ, ಕತ್ತರಿ ಮತ್ತು ತಾಳ್ಮೆಯದ್ದೇ ಹೆಚ್ಚಿನ ಪಾಲು, ಸಿಂಪಡಣೆಯದ್ದು ಕಡಿಮೆ.

ಕಾಡಿನಲ್ಲಿಲ್ಲದ ಕಾಟ ಮನೆಯಲ್ಲೇಕೆ?

ಬಿಗೋನಿಯಾ ಕುಲದಲ್ಲಿ 2000ಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಮಲಬಾರಿಕಾ, ಕ್ರೆನೇಟಾ ಮುಂತಾದ ಕಾಡು ಬಿಗೋನಿಯಾಗಳಿವೆ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಸಾಗುವಾಗ ನೀರು ಜಿನುಗುವ ಬಂಡೆಗೆ ಅಂಟಿಕೊಂಡು ತಿಳಿಗುಲಾಬಿ ಹೂ ಬಿಟ್ಟ ಪುಟ್ಟ ಗಿಡಗಳು ಕಾಣುತ್ತವಲ್ಲ, ಅವುಗಳಲ್ಲಿ ಬಿಗೋನಿಯಾವೂ ಒಂದು. ಇಂದು ಜಗತ್ತಿನ ಮನೆಮನೆಯಲ್ಲಿರುವ ರೆಕ್ಸ್ ಕೂಡ ಭಾರತದ್ದೇ. 1850ರ ದಶಕದಲ್ಲಿ ಅಸ್ಸಾಂನಿಂದ ಇಂಗ್ಲೆಂಡಿಗೆ ಹೋದ ಆರ್ಕಿಡ್‌ಗಳ ಜೊತೆ ಅಲ್ಲಿಗೆ ತಲುಪಿದ ಗಿಡ ಅದು.

ಕಾಡಿನಲ್ಲೂ ಬಿಗೋನಿಯಾಗೆ ಕೀಟಗಳಿವೆ. ಆದರೆ ಅಲ್ಲಿ ಮಳೆ ಬಡಿದು ಅವನ್ನು ಉದುರಿಸುತ್ತದೆ. ಗುಲಗಂಜಿ ಹುಳ, ಹಸಿರು ಜಾಲರೆಕ್ಕೆಯ ಕೀಟದ ಮರಿ, ಜೇಡ, ಸಣ್ಣ ಪರತಂತ್ರ ಕಣಜಗಳು ಅವನ್ನು ತಿಂದು ಹತೋಟಿಯಲ್ಲಿಡುತ್ತವೆ. ಮನೆಯ ಪಡಸಾಲೆಯಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಶತ್ರುಗಳಿಲ್ಲ. ಒಳಗೆ ಬಂದ ಒಂದೇ ಒಂದು ಹೆಣ್ಣು ಹಿಟ್ಟು ತಿಗಣೆ ನೂರಾರು ಮೊಟ್ಟೆ ಇಟ್ಟರೆ ಅವೆಲ್ಲ ಉಳಿದುಕೊಳ್ಳುತ್ತವೆ. ಗುಲಗಂಜಿ ಹುಳ ಮಾಡಬೇಕಿದ್ದ ಕೆಲಸವನ್ನು ಮನೆಯೊಳಗೆ ನಮ್ಮ ಕಣ್ಣು ಮತ್ತು ಬೆರಳುಗಳೇ ಮಾಡಬೇಕು.

ಬಿಳಿ ಹತ್ತಿಯ ಉಂಡೆ: ಹಿಟ್ಟು ತಿಗಣೆ

ಮನೆಯೊಳಗಿನ ಬಿಗೋನಿಯಾಗೆ ಅತಿ ಹೆಚ್ಚು ಕಾಟ ಕೊಡುವುದು ಹಿಟ್ಟು ತಿಗಣೆ. ಬಿಗೋನಿಯಾದ ಪ್ರತಿ ಗೆಣ್ಣಿನಲ್ಲೂ ಎಲೆತೊಟ್ಟಿನ ಬುಡಕ್ಕೆ ಕಾಗದದಂಥ ಎರಡು ಪುಟ್ಟ ಹೊದಿಕೆಗಳಿರುತ್ತವೆ. ಎಲೆ ಬಲಿತ ಮೇಲೆ ಅವು ಒಣಗಿ ಕಂದುಬಣ್ಣಕ್ಕೆ ತಿರುಗಿ ಅಲ್ಲೇ ಅಂಟಿಕೊಂಡಿರುತ್ತವೆ. ಹಿಟ್ಟು ತಿಗಣೆಗೆ ಅದಕ್ಕಿಂತ ಒಳ್ಳೆಯ ಮನೆ ಬೇರಿಲ್ಲ. ಚಿಮುಟದಿಂದ ಆ ಒಣ ಹೊದಿಕೆಯನ್ನು ಮೆಲ್ಲಗೆ ಎತ್ತಿ ನೋಡಿ. ಅಕ್ಕಿಹಿಟ್ಟಿನಲ್ಲಿ ಹೊರಳಿಸಿದಂತಿರುವ, ಅಂಚಿನ ಸುತ್ತ ಸಣ್ಣ ಎಳೆಗಳುಳ್ಳ, ಮೂರು ನಾಲ್ಕು ಮಿಲಿಮೀಟರ್ ಉದ್ದದ ಮೆತ್ತನೆಯ ದೇಹ ಕಾಣುತ್ತದೆ. ಪಕ್ಕದಲ್ಲಿರುವ ಹತ್ತಿಯ ಉಂಡೆ ಮೊಟ್ಟೆಗಳ ಚೀಲ.

ಗಿಡದ ಸುತ್ತ ಇರುವೆ ಓಡಾಡುತ್ತಿದ್ದರೆ, ಎಲೆ ಮುಟ್ಟಿದಾಗ ಬೆರಳಿಗೆ ಅಂಟಿದರೆ ಆಗಲೂ ಹುಡುಕಬೇಕು. ರಸ ಹೀರುವ ಕೀಟಗಳು ಹೆಚ್ಚಾದ ಸಕ್ಕರೆಯನ್ನು ಅಂಟುದ್ರವವಾಗಿ ಹೊರಹಾಕುತ್ತವೆ. ಇರುವೆ ಅದನ್ನು ನೆಕ್ಕಲು ಬರುತ್ತದೆ, ಪ್ರತಿಯಾಗಿ ತಿಗಣೆಗೆ ಕಾವಲು ನಿಲ್ಲುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಮಸಿ ಬಳಿದಂತಾಗುತ್ತದೆ. ಕಾಂಡಕ್ಕೆ ಅಂಟಿದ ಕಂದು ಗುಳ್ಳೆಯಂಥ ಶಲ್ಕಕೀಟವೂ ಇದೇ ಗುಂಪಿನದು. ಉಗುರಿನಿಂದ ಕೆದಕಿದಾಗ ಎದ್ದು ಬಂದರೆ ಕೀಟ, ಬಾರದಿದ್ದರೆ ಅದು ಗಿಡದ್ದೇ ಗಂಟು.

ಈ ತಿಗಣೆಯ ಮೈಮೇಲಿನ ಮೇಣ ನೀರನ್ನು ಜಾರಿಸಿಬಿಡುತ್ತದೆ. ಅದಕ್ಕೇ ನೀರಿನಲ್ಲಿ ಕಲಸಿದ ಔಷಧಿಗೆ ಬಲಿತ ತಿಗಣೆ ಜಗ್ಗುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತಿಕಡ್ಡಿ ಅದ್ದಿ, ಒಂದೊಂದೇ ತಿಗಣೆಗೆ ಮುಟ್ಟಿಸಿ ಒರೆಸಿ ತೆಗೆಯಿರಿ. ಸ್ಪಿರಿಟ್ ಮೇಣವನ್ನು ಕರಗಿಸುತ್ತದೆ. ಕಾಂಡದ ಮೇಲೆ ಇದನ್ನು ಧೈರ್ಯವಾಗಿ ಮಾಡಬಹುದು. ಎಲೆಯ ಮೇಲೆ ಸ್ಪಿರಿಟ್ ಸಿಂಪಡಿಸಬಾರದು. ಒಣ ಹೊದಿಕೆಗಳನ್ನೆಲ್ಲ ಕಿತ್ತು ಗಿಡವನ್ನು ಬರಿದು ಮಾಡಿದರೆ ಅವಕ್ಕೆ ಅಡಗುವ ಜಾಗವೇ ಇಲ್ಲವಾಗುತ್ತದೆ.

ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಚೀಲದೊಳಗಿನ ಮೊಟ್ಟೆಗಳು ಮುಂದಿನ ದಿನಗಳಲ್ಲಿ ಒಡೆದು ಹಳದಿ ಬಣ್ಣದ ಸಣ್ಣ ಮರಿಗಳು ಹೊರಬರುತ್ತವೆ. ಅವುಗಳ ಮೈಮೇಲೆ ಇನ್ನೂ ಮೇಣ ಕಟ್ಟಿರುವುದಿಲ್ಲ. ಹತೋಟಿಗೆ ಇದೇ ಸುಲಭದ ಹೊತ್ತು. ವಾರಕ್ಕೊಮ್ಮೆಯಂತೆ ಕನಿಷ್ಠ ನಾಲ್ಕು ವಾರ ಹೀಗೆ ಒರೆಸಿ ತೆಗೆಯಬೇಕು. ಹಿಟ್ಟು ತಿಗಣೆ "ಹೋಗುವುದೇ ಇಲ್ಲ" ಎನ್ನುವವರಲ್ಲಿ ಹೆಚ್ಚಿನವರು ಎರಡನೇ ವಾರಕ್ಕೇ ಕೈಬಿಟ್ಟವರು.

ಕಾಣದ ಶತ್ರು: ನುಸಿ

ನುಸಿ ಕೀಟವೇ ಅಲ್ಲ. ಕೀಟಕ್ಕೆ ಆರು ಕಾಲು, ಬಲಿತ ನುಸಿಗೆ ಎಂಟು; ಅದು ಜೇಡದ ಬಳಗದ್ದು. ಈ ವ್ಯತ್ಯಾಸ ತಿಳಿಯದೆ ಕೀಟನಾಶಕ ಸುರಿದರೆ ನುಸಿ ಸಾಯುವುದಿಲ್ಲ, ಅದನ್ನು ತಿನ್ನುವ ಜೀವಿಗಳು ಸಾಯುತ್ತವೆ. ಇಮಿಡಾಕ್ಲೋಪ್ರಿಡ್‌ನಂಥ ಕೆಲವು ಕೀಟನಾಶಕಗಳನ್ನು ಬಳಸಿದ ಮೇಲೆ ಜೇಡ ನುಸಿ ಇನ್ನಷ್ಟು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಬಿಗೋನಿಯಾಗೆ ಬರುವ ನುಸಿ ಮುಖ್ಯವಾಗಿ ಎರಡು ಬಗೆ. ಜೇಡ ನುಸಿ ಬೇಸಿಗೆಯದು. ಮಾರ್ಚ್‌ನಿಂದ ಮೇವರೆಗೆ ಒಣ ಗಾಳಿ, ಬಿಸಿ ಕಿಟಕಿ ಇದ್ದಲ್ಲಿ ಅದಕ್ಕೆ ಹಬ್ಬ. ಉಷ್ಣತೆ 30 ಡಿಗ್ರಿಯ ಆಸುಪಾಸು ಇದ್ದರೆ ಮೊಟ್ಟೆ ಬಲಿತ ನುಸಿಯಾಗಲು ಸುಮಾರು ಒಂದು ವಾರ ಸಾಕು. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಪೇಲವ ಚುಕ್ಕೆಗಳು, ಅಡಿಯಲ್ಲಿ ತೆಳು ಬಲೆ ಇದರ ಗುರುತು. ಬಿಳಿ ಹಾಳೆಯನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಹಾಳೆಯ ಮೇಲೆ ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಡೆಯತೊಡಗಿದರೆ ನುಸಿ ಇದೆ ಎಂದು ಖಚಿತ.

ಎರಡನೆಯದು ಅಗಲ ನುಸಿ ಮತ್ತು ಅದರ ಸೋದರ ಸೈಕ್ಲಮೆನ್ ನುಸಿ. ಇವು ಬರಿಗಣ್ಣಿಗೆ ಕಾಣವು. ಉದ್ದ ಕಾಲು ಮಿಲಿಮೀಟರ್ ಅಷ್ಟೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ಬೆಳೆಗಾರರಿಗೆ ಅಗಲ ನುಸಿಯನ್ನು ಪರಿಚಯಿಸಬೇಕಿಲ್ಲ. ಮೆಣಸಿನ ಗಿಡದ ಎಲೆ ಮುರುಟಿಸುವ ಮುಟುರು ರೋಗಕ್ಕೆ ಥ್ರಿಪ್ಸ್ ಎಂಬ ಕೀಟದ ಜೊತೆ ಕಾರಣವಾಗುವುದು ಇದೇ ನುಸಿ. ಬಿಗೋನಿಯಾದಲ್ಲೂ ಅದರ ಕೆಲಸ ಅದೇ. ಹಳೆಯ ಎಲೆಗಳು ಚೆನ್ನಾಗಿಯೇ ಇರುತ್ತವೆ, ಹೊಸ ಕುಡಿ ಮಾತ್ರ ಗಡುಸಾಗಿ, ತಿರುಚಿ, ಕಂಚಿನ ಬಣ್ಣಕ್ಕೆ ತಿರುಗಿ ಬೆಳೆಯದೆ ನಿಲ್ಲುತ್ತದೆ. ಗೊಬ್ಬರ ಸಾಲದು ಎಂದುಕೊಂಡು ಗೊಬ್ಬರ ಹಾಕುತ್ತಾ ಹೋಗುವವರೇ ಹೆಚ್ಚು. ಇಪ್ಪತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಎಳೆ ಎಲೆಯ ಅಡಿಭಾಗ ನೋಡಿದರೆ ಅಗಲ ನುಸಿಯ ಮೊಟ್ಟೆ ಸಿಗುತ್ತದೆ. ಪಾರದರ್ಶಕವಾದ ಅಂಡಾಕಾರ, ಅದರ ಮೇಲೆ ಸಾಲಾಗಿ ಬಿಳಿ ಬೊಬ್ಬೆಗಳು. ಒಮ್ಮೆ ಕಂಡರೆ ಮರೆಯದ ಗುರುತು ಅದು.

ಜೇಡ ನುಸಿಗೆ ನೀರೇ ಮೊದಲ ಮದ್ದು. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಕಟ್ಟಿ, ಗಿಡವನ್ನು ಓರೆ ಹಿಡಿದು ಎಲೆಗಳ ಅಡಿಭಾಗಕ್ಕೆ ಮೆಲ್ಲನೆ ನೀರು ಹಾಯಿಸಿ, ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ. ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಹೀಗೆ ಮಾಡಿದರೆ ಬಹಳಷ್ಟು ತಗ್ಗುತ್ತದೆ. ಅಗಲ ನುಸಿಗೆ ನೀರು ಸಾಲದು. ಮುರುಟಿದ ಕುಡಿಗಳನ್ನೆಲ್ಲ ಕತ್ತರಿಸಿ, ಚೀಲದಲ್ಲಿ ಕಟ್ಟಿ ಎಸೆಯಿರಿ. ಬಳಿಕ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ತಂಪು ಹೊತ್ತಿನಲ್ಲಿ ಸಿಂಪಡಿಸಬಹುದು. ಬಿಸಿಲು ಜೋರಿರುವ ದಿನಗಳಲ್ಲಿ ಗಂಧಕ ಎಲೆ ಸುಡುತ್ತದೆ. ಎಣ್ಣೆ ಸಿಂಪಡಿಸಿದ ಗಿಡಕ್ಕೆ ಮೂರು ವಾರ ಗಂಧಕ ತಾಕಿಸಬಾರದು. ನುಸಿ ಸತ್ತರೂ ತಿರುಚಿದ ಎಲೆ ಮತ್ತೆ ನೇರವಾಗದು. ಗುಣವಾಯಿತೇ ಇಲ್ಲವೇ ಎಂಬುದನ್ನು ಆಮೇಲೆ ಬರುವ ಎಲೆ ನೋಡಿ ತೀರ್ಮಾನಿಸಬೇಕು.

ಹಾರುವವು: ಬಿಳಿನೊಣ, ಹೇನು, ಥ್ರಿಪ್ಸ್

ಗಿಡ ಅಲುಗಿಸಿದಾಗ ಬಿಳಿ ಪುಡಿ ಹಾರಿದಂತಾಗಿ ಮತ್ತೆ ಎಲೆಯಡಿ ಸೇರಿದರೆ ಅದು ಬಿಳಿನೊಣ. ಹಳದಿ ಅಂಟು ಹಾಳೆ ತೂಗುಹಾಕಿದರೆ ಬಲಿತ ನೊಣಗಳು ಸಿಕ್ಕಿಕೊಳ್ಳುತ್ತವೆ. ಅಲುಗಾಡದೆ ಎಲೆಗೆ ಅಂಟಿ ಕುಳಿತ ಮರಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ತೆಗೆಯಬೇಕು. ಗಿಡಹೇನು ಹೂದೊಟ್ಟು, ಎಳೆ ಕುಡಿಗಳಲ್ಲಿ ಗುಂಪಾಗಿ ಕೂರುತ್ತದೆ. ಕಳಚಿಬಿಟ್ಟ ಬಿಳಿ ಪೊರೆಗಳು ಕೆಳಗಿನ ಎಲೆಯ ಮೇಲೆ ಉದುರಿರುತ್ತವೆ. ಮೈ ಮೆತ್ತಗಿರುವುದರಿಂದ ನೀರು ಹಾಯಿಸಿದರೆ ಉದುರಿಹೋಗುತ್ತದೆ. ಇವೆರಡರ ವಿಷಯದಲ್ಲಿ ಹೆಚ್ಚು ಚಿಂತಿಸಬೇಕಿಲ್ಲ.

ಥ್ರಿಪ್ಸ್ ಹಾಗಲ್ಲ. ಒಂದೆರಡು ಮಿಲಿಮೀಟರ್ ಉದ್ದದ, ದಾರದ ತುಣುಕಿನಂಥ ಈ ಕೀಟ ಎಲೆಯನ್ನು ಕೆರೆದು ರಸ ಹೀರುತ್ತದೆ. ಎಲೆಯಡಿಯ ನರಗಳ ಉದ್ದಕ್ಕೂ ತುಕ್ಕಿನ ಬಣ್ಣದ ಅಂಕುಡೊಂಕು ಗೀರುಗಳು, ಬೆಳ್ಳಿಬಣ್ಣದ ತೇಪೆಗಳು, ಅವುಗಳ ನಡುವೆ ಕಪ್ಪು ಹಿಕ್ಕೆಯ ಚುಕ್ಕೆಗಳು ಇದರ ಗುರುತು. ಕೆಲವು ಥ್ರಿಪ್ಸ್‌ಗಳು ವೈರಸ್ ರೋಗವನ್ನೂ ಹರಡುತ್ತವೆ. ಎಲೆಯಲ್ಲಿ ಉಂಗುರದೊಳಗೆ ಉಂಗುರ ಮೂಡಿದ ಕಂದು ಕಲೆ ಕಂಡರೆ ಆ ಗಿಡಕ್ಕೆ ಮದ್ದಿಲ್ಲ, ಹೊರಗೆ ಹಾಕಲೇಬೇಕು. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯ ಮೇಲೆ ಭಾರತದಲ್ಲೇ ಮೊದಲ ಬಾರಿ ದಾಖಲಾದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ವಿದೇಶಿ ಜಾತಿ 2021ರ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿತು. ಅದು ಅಲಂಕಾರಿಕ ಗಿಡಗಳ ಮೇಲೂ ಬದುಕುತ್ತದೆ. ಬಾಲ್ಕನಿಯ ಕುಂಡಕ್ಕೂ ಊರಾಚೆಯ ಹೊಲಕ್ಕೂ ನಂಟಿಲ್ಲ ಎಂದುಕೊಳ್ಳುವಂತಿಲ್ಲ.

ಥ್ರಿಪ್ಸ್ ಎಲೆಯ ಒಳಗೇ ಮೊಟ್ಟೆ ಇಡುತ್ತದೆ, ಬೆಳೆಯುವ ನಡುವಿನ ಒಂದು ಹಂತವನ್ನು ಹಲವು ಜಾತಿಗಳು ಮಣ್ಣಿನಲ್ಲಿ ಕಳೆಯುತ್ತವೆ. ಎಲೆಗೆ ಮಾತ್ರ ಸಿಂಪಡಿಸಿದರೆ ಎರಡೂ ಉಳಿಯುತ್ತವೆ. ಹೂಗಳನ್ನೂ ಕೆಟ್ಟ ಎಲೆಗಳನ್ನೂ ತೆಗೆದು, ನೀಲಿ ಅಥವಾ ಹಳದಿ ಅಂಟು ಹಾಳೆ ಇಟ್ಟು, ಬೇವಿನ ದ್ರಾವಣವನ್ನು ಐದಾರು ದಿನಕ್ಕೊಮ್ಮೆ ಸಿಂಪಡಿಸಿ, ಮೇಲ್ಮಣ್ಣಿಗೂ ಸ್ವಲ್ಪ ಸುರಿಯಬೇಕು.

ಮಣ್ಣಿನೊಳಗೆ ಏನಿದೆ?

ಮಳೆಗಾಲದಲ್ಲಿ ಕುಂಡದ ಮೇಲೆ ಸೊಳ್ಳೆಯಂಥ ಸಣ್ಣ ಕಪ್ಪು ನೊಣಗಳು ಸುಳಿದಾಡುತ್ತವೆ. ಇವು ಕಚ್ಚುವುದಿಲ್ಲ. ಇವುಗಳ ಮರಿಗಳು, ಅಂದರೆ ಕಪ್ಪು ತಲೆಯ, ಗಾಜಿನಂತೆ ಪಾರದರ್ಶಕ ಹುಳಗಳು, ಒದ್ದೆ ಮಣ್ಣಿನ ಬೂಷ್ಟನ್ನೂ ಎಳೆಬೇರನ್ನೂ ತಿನ್ನುತ್ತವೆ. ದೊಡ್ಡ ಗಿಡಕ್ಕೆ ಇದರಿಂದ ಹಾನಿ ಕಡಿಮೆ. ಎಲೆಯಿಂದ ಹೊಸದಾಗಿ ಬೇರು ಬಿಡಿಸುತ್ತಿರುವ ಸಸಿಗಳಿಗೆ ಹೆಚ್ಚು. ಹಸಿ ಆಲೂಗೆಡ್ಡೆಯ ಬಿಲ್ಲೆಯೊಂದನ್ನು ಮಣ್ಣಿನ ಮೇಲಿಟ್ಟು ಎರಡು ಮೂರು ದಿನ ಬಿಟ್ಟು ತಿರುವಿ ನೋಡಿದರೆ ಅಡಿಗೆ ಹುಳಗಳು ಸೇರಿರುತ್ತವೆ. ಇವು ಬರುವುದಕ್ಕೆ ಮೂಲ ಕಾರಣ ಅತಿ ನೀರು. ಕೊಕೊಪೀಟ್ ತುಂಬಿದ ಕುಂಡ ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಾಗಿರುತ್ತದೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳ ಒಣಗಿದ ಮೇಲಷ್ಟೇ ನೀರು ಹಾಕಿ. ಮಣ್ಣಿನ ಮೇಲೆ ಬೆರಳು ದಪ್ಪ ಒಣ ಮರಳು ಹರಡಿ. ಇಷ್ಟಕ್ಕೆ ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ.

ಬೇರಿಗೆ ಹತ್ತುವ ಹಿಟ್ಟು ತಿಗಣೆ ಇದಕ್ಕಿಂತ ಕೆಟ್ಟದ್ದು. ಗಿಡ ಕಾರಣವಿಲ್ಲದೆ ಸೊರಗುತ್ತದೆ, ನೀರು ಹಾಕಿದರೂ ಬಾಡುತ್ತದೆ. ಕುಂಡದಿಂದ ಕಿತ್ತು ನೋಡಿದರೆ ಬೇರಿನ ನಡುವೆ, ಕುಂಡದ ಒಳಗೋಡೆಯಲ್ಲಿ ಬಿಳಿ ಪುಡಿ. ಅದು ಮಣ್ಣಿಗೆ ಬೆರೆಸಿದ ಪರ್ಲೈಟ್ ಇರಬಹುದೇ? ಒತ್ತಿ ನೋಡಿ. ಪರ್ಲೈಟ್ ಪುಡಿಯಾಗುತ್ತದೆ, ತಿಗಣೆ ಒದ್ದೆಯಾಗಿ ಜಜ್ಜಿಹೋಗುತ್ತದೆ. ಹೀಗಿದ್ದರೆ ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸದೆ ಎಸೆದು, ಕುಂಡವನ್ನು ಬಿಸಿನೀರಿನಲ್ಲಿ ತೊಳೆದು, ಬೇರನ್ನು ಪೂರ್ತಿ ತೊಳೆದು ಹೊಸ ಮಣ್ಣಿಗೆ ನೆಡಬೇಕು. ಅದಕ್ಕಿಂತ ಸುರಕ್ಷಿತವಾದದ್ದು, ಮೇಲ್ಭಾಗದ ಶುಚಿಯಾದ ಎಲೆಯಿಂದ ಹೊಸ ಗಿಡ ಎಬ್ಬಿಸುವುದು.

ಕೀಟವಲ್ಲದ್ದಕ್ಕೆ ಕೀಟನಾಶಕ ಬೇಡ

ಎಲೆಯ ಮೇಲೆ ಬಿಳಿ ಪುಡಿ ಹರಡಿದ್ದು, ಒರೆಸಿದಾಗ ಬೆರಳಿಗೆ ಬಂದರೆ ಅದು ಬೂದಿ ರೋಗ. ಶಿಲೀಂಧ್ರದ ಕೆಲಸ ಅದು, ಗಾಳಿಯಾಟ ಹೆಚ್ಚಿಸಬೇಕು. ಎಲೆಯಡಿ ಬಿರಟೆಯಂಥ ಒರಟು ಗುಳ್ಳೆಗಳೆದ್ದರೆ ಗಿಡ ಹೀರಿದ ನೀರು ಹೊರಹೋಗಲಾರದೆ ಕಣಗಳು ಒಡೆದಿವೆ ಎಂದರ್ಥ. ಎಲೆಯ ಅಂಚು ಮಾತ್ರ ಕಂದಾಗಿ ಗರಿಗರಿಯಾದರೆ ಗಾಳಿಯಲ್ಲಿ ತೇವ ಸಾಲದು. ನರಗಳ ನಡುವೆ ಗೆರೆ ಎಳೆದಂತೆ ಕೋನಾಕಾರದ ಕಂದು ತೇಪೆ ಮೂಡಿದರೆ ಎಲೆಯೊಳಗೆ ಸೇರುವ ಜಂತುಹುಳ ಇರಬಹುದು. ಅದು ಎಲೆಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಹರಡುವುದರಿಂದ ಅಂಥ ಎಲೆ ಕಿತ್ತುಹಾಕಿ, ನೀರನ್ನು ಬುಡಕ್ಕೆ ಮಾತ್ರ ಕೊಡಬೇಕು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಎಲೆಯಲ್ಲಿ ತೂತು ಬಿದ್ದಿದ್ದರೆ ಕಂಬಳಿಹುಳ ಅಥವಾ ಬಸವನಹುಳ; ಟಾರ್ಚ್ ಹಿಡಿದು ಹುಡುಕಿ ಕೈಯಲ್ಲೇ ತೆಗೆಯಬಹುದು.

ಸಿಂಪಡಿಸಲೇಬೇಕಾದರೆ

ಬೇವಿನೆಣ್ಣೆಯನ್ನು ಲೀಟರ್ ನೀರಿಗೆ 3 ಮಿಲಿಲೀಟರ್‌ನಂತೆ, ಕೆಲವೇ ಹನಿ ಸೌಮ್ಯ ದ್ರವ ಸೋಪಿನೊಂದಿಗೆ ಚೆನ್ನಾಗಿ ಕಲಸಿ ಆಗಿಂದಾಗಲೇ ಬಳಸಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪುಗಳೂ ಒಳ್ಳೆಯ ಆಯ್ಕೆ. ತರಕಾರಿಗೆ ಹೇಳಿದ ಪ್ರಮಾಣದ ಅರ್ಧದಿಂದ ಆರಂಭಿಸಿ. ಯಾವುದೇ ಆಗಲಿ, ಮೊದಲು ಒಂದು ಎಲೆಗೆ ಹಾಕಿ ಎರಡು ದಿನ ಕಾಯಿರಿ. ರೆಕ್ಸ್‌ನಂಥವುಗಳ ಎಲೆಗೆ ಎಣ್ಣೆ ಕಲೆ ಉಳಿಯಬಹುದು, ಅವಕ್ಕೆ ಅಡಿಭಾಗಕ್ಕಷ್ಟೇ ಸಿಂಪಡಿಸಿ. ಬಿಸಿಲು ಬೀಳುವ ಜಾಗದಲ್ಲಿ, ಬಾಯಾರಿದ ಗಿಡಕ್ಕೆ ಸಿಂಪಡಿಸಬೇಡಿ. ಬಟ್ಟೆ ಒಗೆಯುವ ಪುಡಿ, ಜಿರಲೆಗೆ ಹೊಡೆಯುವ ಸ್ಪ್ರೇ ಬಿಗೋನಿಯಾದ ಹತ್ತಿರವೂ ಬರಬಾರದು. ಹೆಸರು, ಪ್ರಮಾಣ ಬರೆಯದ ಪೊಟ್ಟಣದ ಹರಳು ಔಷಧಿಗಳನ್ನು ಮಕ್ಕಳು, ಬೆಕ್ಕು, ಮೀನಿನ ತೊಟ್ಟಿ ಇರುವ ಮನೆಯೊಳಗೆ ತರುವುದು ಅಪಾಯ.

ಬಾಲ್ಕನಿ, ತಾರಸಿಯಲ್ಲಿ ಗಿಡವಿದ್ದರೆ ಕೈ ಹಾಕುವ ಮುನ್ನ ಇನ್ನೊಂದು ಸಲ ನೋಡಿ. ಹಿಟ್ಟು ತಿಗಣೆಯಂತೆಯೇ ಬಿಳಿ ಮೇಣದ ಎಳೆಗಳಿರುವ, ಆದರೆ ಅದಕ್ಕಿಂತ ದೊಡ್ಡದಾದ, ಚುರುಕಾಗಿ ಓಡಾಡುವ ಹುಳ ಕಂಡರೆ ಕೊಲ್ಲಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಬಲಿತ ಮೇಲೆ ಕಪ್ಪು ರೆಕ್ಕೆ, ಕಿತ್ತಳೆ ತಲೆ. 1898ರಲ್ಲಿ ಕಾಫಿಯ ಹಸಿರು ಶಲ್ಕಕೀಟದ ಹತೋಟಿಗೆಂದು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದ ಈ ಹುಳ ಇಲ್ಲಿ ಹಿಟ್ಟು ತಿಗಣೆಯನ್ನು ತಿಂದು ನೆಲೆಯೂರಿತು. ಕಾಫಿ, ದ್ರಾಕ್ಷಿ ತೋಟಗಳಲ್ಲಿ ಇಂದಿಗೂ ಇದನ್ನು ಸಾಕಿ ಬಿಡುತ್ತಾರೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದ ತೋಟಗಳನ್ನು ಕಂಗೆಡಿಸಿದ ಪಪ್ಪಾಯಿ ಹಿಟ್ಟು ತಿಗಣೆಯನ್ನು ಮಣಿಸಿದ್ದೂ ಔಷಧಿಯಲ್ಲ. ಬೆಂಗಳೂರಿನಲ್ಲಿ ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂದು ಕರೆಯುವ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿ ಬೆಳೆಸಿದ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜಗಳು ಆ ಕೆಲಸ ಮಾಡಿದವು. ತಿಗಣೆಯ ಜಾತಿಯನ್ನು ಸರಿಯಾಗಿ ಗುರುತಿಸಿದ್ದರಿಂದಲೇ ಅದಕ್ಕೆ ತಕ್ಕ ಶತ್ರುವನ್ನು ಹುಡುಕಲು ಸಾಧ್ಯವಾಯಿತು.

ಬಾಗಿಲಲ್ಲೇ ತಡೆಯಿರಿ

ಬಿಗೋನಿಯಾಗೆ ಕೀಟ ಬರುವ ಮುಖ್ಯ ದಾರಿ ಹೊಸ ಗಿಡ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದ ತಂದಿರಲಿ, ನರ್ಸರಿಯಿಂದ ತಂದಿರಲಿ, ನೆಂಟರು ಕೊಟ್ಟಿರಲಿ, ಮೂರು ವಾರ ಬೇರೆ ಕೋಣೆಯಲ್ಲಿಡಿ. ಆ ನಡುವೆ ಗೆಣ್ಣು, ಎಲೆಯಡಿ, ಕುಡಿ, ಬೇರು ನಾಲ್ಕನ್ನೂ ನೋಡಿ. ಹಳೆಯ ಗಿಡಗಳನ್ನು ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ತಿರುವಿ ನೋಡುವುದು ರೂಢಿಯಾಗಲಿ. ಮೊದಲ ವಾರ ಹತ್ತಿಕಡ್ಡಿಗೆ ಮುಗಿಯುವ ಕೆಲಸ ಎರಡು ತಿಂಗಳು ಬಿಟ್ಟರೆ ಗಿಡವನ್ನೇ ಬಲಿ ಕೇಳುತ್ತದೆ.

ನಮ್ಮಲ್ಲಿ ಬಿಗೋನಿಯಾ ಅಂಗಡಿಯಿಂದ ಬರುವುದಕ್ಕಿಂತ ಹೆಚ್ಚಾಗಿ ಮನೆಯಿಂದ ಮನೆಗೆ ಬರುತ್ತದೆ. "ಒಂದು ಎಲೆ ಕೊಡಿ ಅಕ್ಕಾ" ಎಂದು ಕೇಳಿ ಒಯ್ದು, ನರ ಗೀರಿ ಒದ್ದೆ ಮರಳಿನ ಮೇಲಿಟ್ಟರೆ ಗೀರಿದಲ್ಲೆಲ್ಲ ಸಸಿ ಏಳುತ್ತದೆ. ಮಲೆನಾಡಿನ ಜಗುಲಿಗಳೂ ಬೆಂಗಳೂರಿನ ಬಾಲ್ಕನಿಗಳೂ ಬಿಗೋನಿಯಾದಿಂದ ತುಂಬಿರುವುದು ಈ ಕೊಡುಕೊಳೆಯಿಂದಲೇ. ಆ ಎಲೆಯ ಅಡಿಯಲ್ಲಿ ಏನಿದೆಯೋ ಅದೂ ಜೊತೆಗೆ ಹೋಗುತ್ತದೆ. ಆದ್ದರಿಂದ ಎಲೆ ಕೊಡುವ ಮುನ್ನ ಅದನ್ನು ಮಗುಚಿ ನೋಡಿ, ತಣ್ಣೀರಿನಲ್ಲಿ ತೊಳೆದು ಕೊಡಿ. ಗಿಡಕ್ಕೆ ಕೀಟ ಹತ್ತಿದ್ದರೆ "ಈಗ ಬೇಡ, ಎರಡು ತಿಂಗಳು ಬಿಟ್ಟು ಕೊಡುತ್ತೇನೆ" ಎನ್ನಿ. ಹಾಗೆ ಕಾದು ಕೊಟ್ಟ ಎಲೆ ಪಡೆದವರ ಮನೆಯಲ್ಲಿ ಗಿಡವಾಗಿ ಉಳಿಯುತ್ತದೆ. ಮುಂದೊಮ್ಮೆ ನಿಮ್ಮ ಗಿಡ ಸತ್ತರೆ ಅದೇ ತಳಿಯ ಎಲೆ ಕೇಳಲು ನಿಮಗೂ ಒಂದು ಮನೆ ಇರುತ್ತದೆ.